ಅಪ್ಪನ ಮೂಗು ತಿಂದ ಇಲಿ ಮಹಾಶಯರಿಗೆ

ಮಾನ್ಯ ಮೂಷಿಕ ಮಹಾಶಯರೇ,

ಪ್ರಾಗ್ ನಗರದ ನಮ್ಮ ನೆಲಮಾಳಿಗೆಯ ಸ್ಟುಡಿಯೋದಲ್ಲಿ, ಬಾಡಿಗೆಯ ಗೊಡವೆಯಿಲ್ಲದೆ ಸಕುಟುಂಬವಾಗಿ ನೆಲೆಸಿರುವ ತಮಗೆ, ಬೊಂಬೆಚಿತ್ರಗಳ ನಿರ್ದೇಶಕಿ ಬ್ಲಾಂಕಾ ಸೆಡ್ಲಾರೋವಾಳ ಸಾಷ್ಟಾಂಗ ನಮಸ್ಕಾರಗಳು.

ನನ್ನ ಕಿರುಚಿತ್ರದಲ್ಲಿ ಚಮಚ ಗಡಿಯಾರವನ್ನು ಹಡೆಯುತ್ತದೆ, ಮೇಜಿನ ಖಾನೆಗೆ ಹಲ್ಲು ಬರುತ್ತದೆ, ಬೂಟುಗಳು ಸೂಪಿನಲ್ಲಿ ಈಜುತ್ತವೆ. ಎಲ್ಲವನ್ನೂ ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು ಎಂದು ಬೆನ್ನು ಬಾಗುವಂತೆ ದುಡಿದವಳು ನಾನು. ನಡುವೆ ಕೂತ ಮುದುಕನ ಬೊಂಬೆಗೆ ಅಪ್ಪನ ಮುಖವನ್ನೇ ಕೊಟ್ಟಿದ್ದೆ. ಚರ್ಮ ಹೊಳೆಯಲೆಂದು ಅದನ್ನು ಕ್ರಿಸ್ಮಸ್ ರೊಟ್ಟಿಯ ಬೆಣ್ಣೆಹಿಟ್ಟಿನಲ್ಲಿ ಮಾಡಿ ಬೇಯಿಸಿದ್ದು ನನ್ನ ಅತಿಬುದ್ಧಿ. ಮೊದಲು ಮೂಗು, ಆಮೇಲೆ ಬಲಗಿವಿ, ಆಮೇಲೆ ಹುಬ್ಬು: ಹೊಟ್ಟೆಬಾಕರಂತೆ ಒಮ್ಮೆಲೇ ಕಬಳಿಸದೆ, ದಿನಕ್ಕಿಷ್ಟೇ ಎಂದು ತಾವು ಮೆದ್ದ ಸಂಯಮ ನಮ್ಮ ಕಲಾಶಾಲೆಯ ಗುರುಗಳಿಗೂ ಇರಲಿಲ್ಲ. ನಾನು ಗೋಳೋ ಎಂದು ಅತ್ತೆ. ಕ್ಯಾಮೆರಾ ಹಿಡಿಯುವ ವೊಯ್ತೆಖ್ ಮಾತ್ರ, "ಅಳ್ಬೇಡ ಬ್ಲಾಂಕಾ, ಇನ್ನೊಂದು ಮಾಡೋಕೆ ಪುರುಸೊತ್ತಿಲ್ಲ. ಇದ್ದ ಹಾಗೇ ತೆಗೆದು ಅತಿವಾಸ್ತವ ಅಂದ್ಬಿಡೋಣ, ಯಾರು ಕೇಳ್ತಾರೆ?" ಎಂದ.

ಯಾರೂ ಕೇಳಲಿಲ್ಲ. ಚಿತ್ರೋತ್ಸವದ ತೀರ್ಪುಗಾರರು ನನ್ನ ಚಮಚದ ಕಡೆ ತಿರುಗಿಯೂ ನೋಡದೆ, 'ಆಧುನಿಕ ಮನುಷ್ಯನ ಅಸ್ತಿತ್ವದ ಸವೆತ'ವನ್ನು ಕೊಂಡಾಡಿ ಮೂಷಿಕ ಮಹಾಶಯರ ಹಲ್ಲಿನ ಕೆಲಸಕ್ಕೆ ಪ್ರಶಸ್ತಿ ಕೊಟ್ಟರು. ಅದನ್ನು ಪಡೆಯಬೇಕಾದ ಕಲಾವಿದರಾದ ತಾವು ಬಿಲದಲ್ಲಿ ಕೂತು ಮೀಸೆ ತಿರುವುತ್ತಿದ್ದಿರಿ.

ಇದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಜೀವಮಾನವೆಲ್ಲ ಮರದ ರಾಜರನ್ನೂ ಸೈತಾನರನ್ನೂ ಕೆತ್ತಿದ, ನನ್ನ ಚಿತ್ರ ಶುರುವಾದೊಡನೆ ಆಕಳಿಸುತ್ತಿದ್ದ ಅಪ್ಪ, ಈ ಸಲ ನನ್ನ ಕೈ ಹಿಡಿದುಕೊಂಡರು. "ಚಮಚ ಗಿಮಚ ನಂಗೆ ತಿಳೀಲಿಲ್ಲ ಮಗಳೇ. ಆ ಮುಖ ಮಾತ್ರ ತಿಳೀತು. ನನ್ನ ತಲೆಯಿಂದಾನೂ ಹಾಗೇ ಒಂದೊಂದೇ ಹೋಗ್ತಿದೆ. ಯಾರಿಗೂ ಹೇಳಿರಲಿಲ್ಲ, ನಿಂಗೆ ಹೇಗೆ ಗೊತ್ತಾಯ್ತು?" ಎಂದರು.

ನನಗೆ ಗೊತ್ತಿರಲಿಲ್ಲ, ಮಹಾಶಯರೇ. ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲ. ನನಗೆ ತಿಳಿಯದ್ದು ತಮ್ಮ ಹಲ್ಲಿಗೆ ತಿಳಿದಿತ್ತಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತಿದೆ.

ಆದಕಾರಣ ತಮ್ಮಲ್ಲಿ ವಿನಂತಿ. ತಿಂದ ಮೂಗನ್ನು ಸಾಧ್ಯವಾದಷ್ಟು ಬೇಗ ಹಿಂದಿರುಗಿಸಬೇಕು. ಮುಂದಿನ ಚಿತ್ರದಲ್ಲೂ ಅದೇ ಮುದುಕನಿರುವುದರಿಂದ, ಗಲ್ಲ ಗದ್ದಗಳನ್ನು ಧಾರಾಳವಾಗಿ ಸವಿದು, ಎಡಗಿವಿಯೊಂದನ್ನು ಬಿಡಬೇಕು; ಈಗೀಗ ನನ್ನ ಹೆಸರು ಮರೆತ ದಿನವೂ ಅಪ್ಪ ನನ್ನ ದನಿಯನ್ನು ಹಿಡಿಯುವುದು ಆ ಕಿವಿಯಿಂದ. ಅಪ್ಪನ ತಲೆಯೊಳಗೆ ಬಿಲ ತೋಡಿರುವ ತಮ್ಮ ನೆಂಟರಿಗೂ, ಅವಸರವಿಲ್ಲ, ನಿಧಾನವಾಗಿ ತಿನ್ನಿರೆಂದು ದಯವಿಟ್ಟು ತಿಳಿಸಬೇಕು.

ಮೂಗಿನ ವಿಷಯವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ,
ತಮ್ಮ ವಿಶ್ವಾಸಿ,
ಬ್ಲಾಂಕಾ

ಬರೆಯಲು ಮರೆತದ್ದು: ಎಡಗಿವಿಯನ್ನು ಈ ಸಲ ಅಪ್ಪನೇ ಗಟ್ಟಿಮರದಲ್ಲಿ ಕೆತ್ತಿಕೊಟ್ಟಿದ್ದಾರೆ. ಅವರ ಕೈ ಇನ್ನೂ ಏನನ್ನೂ ಮರೆತಿಲ್ಲ. ತಮ್ಮ ಹಲ್ಲುಗಳಿಗೆ ಶುಭವಾಗಲಿ.