ಪ್ರತಿ: ಎದುರುದಾರರ ಮಾಹಿತಿಗಾಗಿ

ಮಾನ್ಯ ಓದುಗರೇ,

ವಿಷಯ: ನಮ್ಮ ಸೋದರಮಾವನವರ ನಡವಳಿಕೆಯನ್ನು ತಮ್ಮ ಅವಗಾಹನೆಗೆ ತರುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಎಲ್ಲಕ್ಕಿಂತ ಮೊದಲು ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತದಲ್ಲಿ ನಾನು ಯಾವತ್ತೂ ಹಿಂದೆ. ಇಷ್ಟು ವರ್ಷ ನನ್ನ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದ ನನ್ನ ಅಕ್ಕ ಈಗ ಮನೆಯಲ್ಲಿಲ್ಲ. ಅವಳು ಏಕಿಲ್ಲ ಎಂಬುದನ್ನು ಮುಂದಿನ ಕಂಡಿಕೆಗಳಲ್ಲಿ ನಿವೇದಿಸಿಕೊಳ್ಳುತ್ತೇನೆ. ಇದು ನಾನು ಬರೆಯುತ್ತಿರುವ ಮೊದಲ ಪ್ರಬಂಧ. ಅರ್ಜಿಯ ಭಾಷೆ ಬಿಟ್ಟರೆ ಬೇರೆ ಭಾಷೆಯಲ್ಲಿ ಬರೆಯಲು ನನಗೆ ಬರುವುದಿಲ್ಲ. ಅದಕ್ಕೂ ಕಾರಣ ನಮ್ಮ ಸೋದರಮಾವನೇ!

ನಮ್ಮ ಸೋದರಮಾವ ಎಂಥವರೆಂದರೆ, ಸೀನಿದರೂ ಎರಡು ಸಲ ಸೀನುತ್ತಾರೆ. ಮೊದಲನೆಯದು ಅಸಲು, ಎರಡನೆಯದು ಕಚೇರಿ ಪ್ರತಿ!

ಸದರಿಯವರು ರಾಯಚೂರು ಕಡೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಟಪಾಲು ಗುಮಾಸ್ತರಾಗಿದ್ದು, ಟಪಾಲು ಗುಮಾಸ್ತರಾಗಿಯೇ ನಿವೃತ್ತರಾದರು. ತಾಯಿಯಿಲ್ಲದ ನಮ್ಮಿಬ್ಬರನ್ನು ಸಾಕಿದವರೂ ಅವರೇ. ನಮಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ ಅವರೂ ಜೊತೆಗೆ ಬಂದು ಕಮ್ಮನಹಳ್ಳಿಯ ಬಾಡಿಗೆ ಮನೆಯನ್ನು ಕಚೇರಿ ಮಾಡಿಬಿಟ್ಟರು. ಬೆಳಿಗ್ಗೆ ಊಟದ ಡಬ್ಬಿ ನಮ್ಮ ಕೈಗೆ ಬರಬೇಕಾದರೆ ಟಪಾಲು ಪುಸ್ತಕದಲ್ಲಿ ಸಹಿ ಮಾಡಬೇಕಿತ್ತು. ಸುಮ್ಮನೆ ಸಹಿ ಹಾಕಿದರೆ ನಡೆಯುತ್ತಿರಲಿಲ್ಲ.

"ಡಬ್ಬಿ ತೆರೆದು ನೋಡಿದ್ಯಾ? ಒಳಗ ಏನೈತಂತ ನೋಡದ ಸಹಿ ಹಾಕಿದ್ರ ನಾಳೆ ನೀನೇ ಜವಾಬ್ದಾರಿ, ನೋಡವ್ವಾ!"

ನಾನು ಹೆದರಿ ಮುಚ್ಚಳ ತೆರೆದು, ಎಣ್ಣೆ ಚೆಲ್ಲಿಕೊಂಡು, ಸಹಿ ಹಾಕಿ ಓಡುತ್ತಿದ್ದೆ. ಅಕ್ಕ ಮಾತ್ರ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಪರಿಶೀಲಿಸಿ, ದುಂಡಗಿನ ಅಕ್ಷರದಲ್ಲಿ "ಅಡಕ ಸಹಿತ ಸ್ವೀಕರಿಸಿದೆ. ಉಪ್ಪಿನಕಾಯಿ ಇಲ್ಲ" ಎಂದು ಷರಾ ಬರೆಯುತ್ತಿದ್ದಳು. ಮಾವ ಆ ಷರಾವನ್ನು ಗಂಭೀರವಾಗಿ ಓದಿ, ಒಳಗೆ ಹೋಗಿ, ಉಪ್ಪಿನಕಾಯಿ ತಂದು ಕೊಡುತ್ತಿದ್ದರು. ಅವರು ಅದನ್ನು ಪ್ರತಿದಿನ ಬೇಕೆಂದೇ ಮರೆಯುತ್ತಿದ್ದರೆಂದು ನನಗೆ ಈಗ ಅನ್ನಿಸುತ್ತದೆ.

ಅಕ್ಕ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಚಿಕ್ಕಂದಿನಿಂದ ಅವಳಿಗೆ ಮೂರ್ಛೆ ರೋಗವಿದೆ. ದಿನಕ್ಕೆ ಎರಡು ಹೊತ್ತು ಮಾತ್ರೆ ತಪ್ಪುವಂತಿಲ್ಲ. ಹೀಗಿರುವಾಗ ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು ಅವಳನ್ನು ಕೆ.ಆರ್. ಪುರದಾಚೆಯ ಒಂದು ಧ್ಯಾನ ಶಿಬಿರಕ್ಕೆ ಕರೆದೊಯ್ದಳು. ಶಿಬಿರ ನಡೆಸುವವರು ಬೂದು ಶಾಲಿನ ಒಂದು ಪಂಥದವರು. ಮನುಷ್ಯ ಎರಡನೆಯ ಸಲ ಹುಟ್ಟಬೇಕೆಂಬುದು ಅವರ ಬೋಧನೆ. ಹುಟ್ಟುವ ಮೊದಲು ಒಂಬತ್ತು ತಿಂಗಳು ಗರ್ಭದಲ್ಲಿರಬೇಕಷ್ಟೆ? ಆದ್ದರಿಂದ ಒಂಬತ್ತು ತಿಂಗಳು ಕಟ್ಟಡದ ಹೊರಗೆ ಬರುವಂತಿಲ್ಲ. ಫೋನಿಲ್ಲ, ಮನೆಯವರ ಮುಖವಿಲ್ಲ, ಹಳೆಯ ಹೆಸರೂ ಇಲ್ಲ! ಅಕ್ಕ ಎರಡು ಜೊತೆ ಬಟ್ಟೆ, ಮಾತ್ರೆಯ ಡಬ್ಬಿ ತೆಗೆದುಕೊಂಡು ತಾನಾಗಿಯೇ ಹೋದಳು. ಯಾರೂ ಎಳೆದೊಯ್ಯಲಿಲ್ಲ. ಇದನ್ನು ನಾನು ಮುಚ್ಚಿಡಬಾರದು.

ಒಂಬತ್ತು ತಿಂಗಳು ಮುಗಿಯಿತು. ಅಕ್ಕ ಬರಲಿಲ್ಲ. ಗೇಟಿನಲ್ಲಿ ಕೇಳಿದಾಗ ಬೂದು ಶಾಲಿನ ಹೆಂಗಸೊಬ್ಬರು ಹೂವಿನಂತೆ ನಕ್ಕು, "ಅವರು ಇನ್ನೊಂದು ಗರ್ಭವಾಸಕ್ಕೆ ಒಪ್ಕೊಂಡಿದಾರೆ ಮೇಡಂ" ಎಂದರು.

"ಅವಳ ಮಾತ್ರೆ?" ಎಂದೆ.

"ಗರ್ಭದಲ್ಲಿರೋ ಮಗು ಮಾತ್ರೆ ತಗೊಳ್ಳುತ್ತಾ ಮೇಡಂ?" ಎಂದು ಇನ್ನೂ ಚೆನ್ನಾಗಿ ನಕ್ಕು ಗೇಟು ಹಾಕಿಕೊಂಡರು.

ಅಂದಿನಿಂದ ನನಗೆ ಹಿಡಿದ ನಡುಕ ಇಂದಿಗೂ ಬಿಟ್ಟಿಲ್ಲ. ಅಕ್ಕನಿಗೆ ಬರೆದ ಪತ್ರಗಳು "ಈ ಹೆಸರಿನವರು ಇಲ್ಲ" ಎಂಬ ಷರಾದೊಂದಿಗೆ ಹಿಂದಿರುಗಿದವು. ಠಾಣೆಯಲ್ಲಿ, ವಯಸ್ಸಿಗೆ ಬಂದವರು, ಸ್ವಇಚ್ಛೆಯಿಂದ ಹೋಗಿದ್ದಾರೆ ಎಂದರು. ಅದೂ ಸತ್ಯವೇ.

ಮಾವ ಅಳಲಿಲ್ಲ, ಕೂಗಾಡಲಿಲ್ಲ. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡಬ್ಬಿ ಕಟ್ಟಿಕೊಂಡು, ಬಸ್ಸು ಹತ್ತಿ, ಆ ಕಟ್ಟಡದ ಎದುರಿನ ಟೀ ಅಂಗಡಿಯಲ್ಲಿ ಹತ್ತು ಗಂಟೆಗೆ ಸರಿಯಾಗಿ ಕರ್ತವ್ಯಕ್ಕೆ ಹಾಜರಾದರು! ಸಂಜೆ ಐದೂವರೆಗೆ ಕಚೇರಿ ಮುಚ್ಚುವುದು. ಹಾಜರಾತಿ ಪುಸ್ತಕವನ್ನೂ ಇಟ್ಟರು. ಜ್ವರ ಬಂದ ದಿನ ಒಂದು ದಿನದ ಸಾಂದರ್ಭಿಕ ರಜೆ ಕೋರಿ ನನಗೆ ಅರ್ಜಿ ಬರೆದರು. ನಾನು ಮಂಜೂರು ಮಾಡಿದೆ. ಮಾಡದಿದ್ದರೆ ಜ್ವರದಲ್ಲೇ ಹೋಗುತ್ತಿದ್ದರು!

"ಅಲ್ಲಿ ಕುಂತು ಏನ್ ಮಾಡ್ತೀರಿ ಮಾಮಾ?" ಎಂದು ಕೇಳಿದೆ.

"ಗೇಟು ನೋಡ್ತೀನಿ. ಪೋಸ್ಟ್‌ಮ್ಯಾನ್ ಬರ್ತಾನ, ಇಬ್ರೂ ಚಾ ಕುಡಿತೀವಿ. ಎಷ್ಟಂದ್ರೂ ನಾವಿಬ್ರೂ ಟಪಾಲಿನ ಮಂದಿ."

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ನನ್ನನ್ನು ಕರೆದು ಬಿಳಿ ಹಾಳೆ ಮುಂದಿಟ್ಟರು. ಆ ಕ್ಷೇತ್ರದ ಶಾಸಕರಿಗೆ ಅರ್ಜಿ! ಅವರ ಕೈ ನಡುಗುವುದರಿಂದ ನಾನು ಬರೆಯಬೇಕು. ನನ್ನ ಮೈಯೇ ನಡುಗುತ್ತಿದೆಯಲ್ಲ, ಅದಕ್ಕೆ ಯಾರನ್ನು ಕರೆಯುವುದು?

"ಮಾಮಾ, ನನ್ನ ಅಕ್ಷರ ನೋಡಿದವರು ಜನ್ಮದಾಗ ಮರೆಯಂಗಿಲ್ಲ. ಅವರಿಗೆ ಗೊತ್ತಾದ್ರ?"

"ಬರಿಯವ್ವಾ. ಅಂಜಿಕೆ ಇದ್ರ ಅಕ್ಷರ ಸಣ್ಣದು ಬರಿ."

ಮೊದಲ ಕರಡು ಹದಿನಾಲ್ಕು ಪುಟವಾಯಿತು. ಅದರಲ್ಲಿ ನಾನು ಸೇರಿಸಿದ್ದ "ಮೋಸಗಾರರು", "ಕಪಟಿಗಳು" ಮುಂತಾದ ಪದಗಳನ್ನೆಲ್ಲ ಅವರು ಹೊಡೆದು ಹಾಕಿಸಿದರು. ಉಳಿದದ್ದು ಎರಡು ಪುಟ. "ಅವರ ನಂಬಿಕೆ ಅವರಿಗೆ. ಒಳಗೆ ನೆಮ್ಮದಿಯಾಗಿರುವವರೂ ಇರಬಹುದು. ಆದರೆ ಕಾಯಿಲೆಯವರಿಗೆ ಔಷಧ ಸಿಗುತ್ತಿದೆಯೇ, ಮನೆಯವರು ಬಂದರೆ ಭೇಟಿಗೆ ಅವಕಾಶವಿದೆಯೇ, ಇವೆರಡನ್ನು ಆರೋಗ್ಯಾಧಿಕಾರಿಗಳೊಡನೆ ಖುದ್ದಾಗಿ ಪರಿಶೀಲಿಸಬೇಕು" ಎಂದಷ್ಟೇ ಪ್ರಾರ್ಥನೆ. ಅಕ್ಕನನ್ನು "ಸದರಿ ಮಹಿಳೆ" ಎಂದು ಬರೆಸಿದರು. ನನಗೆ ಸಿಟ್ಟು ಬಂತು.

"ನನ್ನ ಸೋದರಸೊಸಿ ಅಂತ ಬರೆಸ್ರಿ ಮಾಮಾ. ನಾನೇ ಸಾಕಿದ್ದು ಅಂತ ಬರೆಸ್ರಿ!"

"ಅರ್ಜಿಯೊಳಗ ಅಳಬಾರದವ್ವಾ. ಕಾಗದ ತೊಯ್ತದ."

ಶಾಸಕರ ಕಚೇರಿಯಲ್ಲಿ ಜನವೋ ಜನ. ಎದುರಿಗೆ ಕುಳಿತಿದ್ದ ಆಪ್ತ ಸಹಾಯಕರು ನಮ್ಮ ಅರ್ಜಿಯನ್ನು ಉದ್ದಕ್ಕೆ, ಅಡ್ಡಕ್ಕೆ ತಿರುಗಿಸಿ ನೋಡಿದರು.

"ಏನ್ ಸಾರ್ ಇದು, ಇರುವೆ ನಡೆದಂಗಿದೆ? ಟೈಪ್ ಮಾಡಿಸ್ಬಾರ್ದಾ?"

"ಟೈಪ್ ಮಾಡಾಕಿನೇ ಒಳಗ ಅದಾಳ್ರೀ" ಎಂದರು ಮಾವ.

ಸಹಾಯಕರು ಹಾಳೆಯನ್ನು ಮೇಜಿನ ಮೇಲಿಟ್ಟರು. ನಂತರ ದನಿ ತಗ್ಗಿಸಿ, "ಯಜಮಾನ್ರೇ, ದೇವರ ವಿಷಯ ಇದು. ಆ ಕಡೆಯೋರು, ಈ ಕಡೆಯೋರು ಎಲ್ರೂ ಬರ್ತಾರೆ ಇಲ್ಲಿ. ಬೇಕಾ ನಿಮಗೆ?" ಎಂದರು. ನಾನು ಮಾವನ ಅಂಗಿಯ ತುದಿ ಹಿಡಿದು ಬಾಗಿಲ ಕಡೆಗೆ ಎಳೆಯತೊಡಗಿದೆ. ಮಾವ ಜಗ್ಗಲಿಲ್ಲ.

"ದೇವರ ಮ್ಯಾಲೆ ಅರ್ಜಿ ಅಲ್ರೀ ಇದು. ಗುಳಿಗಿ ಬಗ್ಗೆ ಅರ್ಜಿ. ಸ್ವೀಕೃತಿ ಕೊಡ್ರಿ."

ಅಷ್ಟರಲ್ಲಿ ಶಾಸಕರೇ ಒಳಗಿನಿಂದ ಬಂದವರು ಹಾಳೆಯನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡರು. ಎರಡೂ ಪುಟವನ್ನು ಓದಿದರು! ಶಾಸಕರು ಓದುವುದಿಲ್ಲ ಎಂಬ ಒಂದೇ ಧೈರ್ಯದಿಂದ ಬಂದಿದ್ದ ನನ್ನ ಗತಿ ಏನಾಗಿರಬೇಡ?

"ಯಾರಮ್ಮ ಬರೆದಿದ್ದು?"

ನಾನು ಮಾವನ ಕಡೆ ಬೆರಳು ತೋರಿಸಿದೆ. ಅದೇ ಗಳಿಗೆಗೆ ಮಾವ ನನ್ನ ಕಡೆ ಬೆರಳು ತೋರಿಸಿದರು! ಶಾಸಕರು ನಗಲಿಲ್ಲ. "ಆ ಮನೆ ಬಗ್ಗೆ ಇನ್ನೂ ಒಂದಿಬ್ರು ತಾಯಂದ್ರು ಬಂದಿದ್ರು, ಬರೆದು ಕೊಡಿ ಅಂದ್ರೆ ಹೆದರಿ ವಾಪಸ್ ಹೋದ್ರು. ನೀವು ಬರೆದುಕೊಟ್ರಲ್ಲ, ಹೆಲ್ತ್ ಆಫೀಸರ್‌ನ ಕರ್ಕೊಂಡು ನಾನೇ ಹೋಗ್ತೀನಿ" ಎಂದು ಅರ್ಜಿಯ ಅಂಚಿನಲ್ಲಿ ಬರೆದು ಸಹಿ ಹಾಕಿದರು. ಆಗ ನನಗೆ ತುಸು ಧೈರ್ಯ ಬಂದದ್ದು ನಿಜ.

ಆ ಧೈರ್ಯ ಮನೆ ತಲುಪುವವರೆಗೂ ಬಾಳಲಿಲ್ಲ. ಬಸ್ಸಿನಲ್ಲಿ ಕಚೇರಿ ಪ್ರತಿಯನ್ನು ನೋಡುತ್ತಿದ್ದವಳು ಕೊನೆಯ ಸಾಲಿನಲ್ಲಿ ಕಂಗಾಲಾದೆ. ನನ್ನ ಅಕ್ಷರದ ಕೆಳಗೆ ಮಾವನ ನಡುಗುವ ಅಕ್ಷರ. "ಪ್ರತಿ: ಎದುರುದಾರರ ಮಾಹಿತಿಗಾಗಿ."

"ಮಾಮಾ, ಎದುರುದಾರರು ಅಂದ್ರ ಯಾರು?"

"ಮತ್ಯಾರು? ಬೂದು ಶಾಲಿನವರು. ನಿನ್ನೆನೇ ಕಳಿಸೀನಿ. ರಿಜಿಸ್ಟರ್ಡ್ ಟಪಾಲು, ಸ್ವೀಕೃತಿ ಕಾರ್ಡ್ ಸಮೇತ."

ಯಾರ ವಿರುದ್ಧ ಅರ್ಜಿಯೋ ಅವರಿಗೇ ಒಂದು ಪ್ರತಿ! ನನ್ನ ಕೈಬರಹದಲ್ಲಿ! ನಮ್ಮ ಮನೆಯ ವಿಳಾಸದ ಸಮೇತ! ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ನಾನು ಕೂಗಿದೆ.

"ಯಾಕ ಮಾಮಾ ಹಿಂಗ ಮಾಡಿದ್ರಿ?"

"ಎದುರಿನವರಿಗೆ ತಿಳಿಸದ ಕೊಟ್ರ ಅದು ಚಾಡಿ ಆಗ್ತದ, ಅರ್ಜಿ ಆಗಂಗಿಲ್ಲ. ನನ್ನ ಸರ್ವೀಸಿನಾಗ ನಾ ಒಂದು ದಿನ ಚಾಡಿ ಹೇಳಿಲ್ಲ."

ನಂತರದ ದಿನಗಳ ಬಗ್ಗೆ ಏನು ಬರೆಯಲಿ? ನಾನು ಕೆಲಸ ಮಾಡುವ ರಕ್ತಪರೀಕ್ಷೆ ಕೇಂದ್ರದ ಕೌಂಟರಿನ ಮುಂದೆ ಯಾರು ಬೂದು ಬಣ್ಣ ತೊಟ್ಟು ಬಂದರೂ ನನ್ನದೇ ರಕ್ತ ಆರುತ್ತಿತ್ತು. ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ಬೂದು ಅಂಗಿಯವರು ಅಷ್ಟೊಂದು ಜನ ಇದ್ದಾರೆಂದು ನನಗೆ ಅದುವರೆಗೂ ತಿಳಿದಿರಲಿಲ್ಲ! ಒಂದು ಮಧ್ಯಾಹ್ನ ಬೇಕರಿಯಲ್ಲಿ ಬೂದು ಶಾಲಿನ ವೃದ್ಧೆಯೊಬ್ಬರು ನನ್ನನ್ನೇ ನೋಡಿ ನಕ್ಕರು. ಕೊಂಡ ಬನ್ನನ್ನು ಅಲ್ಲೇ ಬಿಟ್ಟು ಓಡಿದೆ. ಅವರು ಹಿಂದೆಯೇ ಓಡಿ ಬಂದರು. ನಾನು ಇನ್ನೂ ಜೋರಾಗಿ ಓಡಿದೆ. ಕೊನೆಗೆ ಏದುಸಿರು ಬಿಡುತ್ತಾ ನನ್ನ ಕೈಗೆ ಬನ್ನು ಕೊಟ್ಟು, "ಏನಮ್ಮ ಇಷ್ಟು ಓಡಿಸ್ತೀಯಾ ಮುದುಕೀನ!" ಎಂದು ಬೈದು ಹೋದರು. ಆ ಶಾಲು ಚಳಿಗೆ ಹೊದ್ದದ್ದು.

ಇನ್ನು ಆಗದು ಎನ್ನಿಸಿ ರಜೆ ಹಾಕಿ, ಚಿಲಕ ಹಾಕಿಕೊಂಡು ಮನೆಯಲ್ಲೇ ಕುಳಿತೆ. ಮಾವ ಎಂದಿನಂತೆ ಟೀ ಅಂಗಡಿಯ ಕರ್ತವ್ಯಕ್ಕೆ ಹೊರಟುಹೋದರು. ಹನ್ನೊಂದರ ಸುಮಾರಿಗೆ ಬಾಗಿಲ ಗಂಟೆ ಬಾರಿಸಿತು. ನಾನು ಉಸಿರು ಬಿಗಿಹಿಡಿದು ಮಂಚದ ಹಿಂದೆ ಅವಿತುಕೊಂಡೆ. ಮತ್ತೆ ಬಾರಿಸಿತು. ಆಮೇಲೆ ಬಾಗಿಲ ಕೆಳಗಿನಿಂದ ಏನೋ ಸರಸರನೆ ಒಳಗೆ ಬಂತು. ಹಾವನ್ನೇ ಬಿಟ್ಟರೆಂದುಕೊಂಡೆ!

ಸ್ವೀಕೃತಿ ಕಾರ್ಡು.

ಸಹಿಯ ಜಾಗದಲ್ಲಿ ದುಂಡಗಿನ ಅಕ್ಷರ. ಅವರು ಕೊಟ್ಟ ಹೊಸ ಹೆಸರಲ್ಲ. ನಮ್ಮವ್ವ ಇಟ್ಟ ಹೆಸರು, ಮುಂದೆ ನಮ್ಮ ಊರಿನ ಹೆಸರಿನ ಮೊದಲಕ್ಷರ. ಅದರ ಕೆಳಗೆ, ಇರುವ ಚೂರು ಜಾಗದಲ್ಲಿ, ಒತ್ತಿ ಒತ್ತಿ ಬರೆದದ್ದು: "ಅಡಕ ಸಹಿತ. ಉಪ್ಪಿನಕಾಯಿ ಇಲ್ಲ."

ನಾನು ಚಪ್ಪಲಿಯ ಜೋಡಿಯನ್ನೂ ನೋಡದೆ ಬಸ್ಸು ಹತ್ತಿದೆ. ಟೀ ಅಂಗಡಿಯಲ್ಲಿ ಮಾವ ಗೇಟಿನ ಕಡೆ ಮುಖ ಮಾಡಿ ಕುಳಿತಿದ್ದರು. ತೊಡೆಯ ಮೇಲೆ ಡಬ್ಬಿ. ಕಾರ್ಡನ್ನು ಅವರ ಕೈಗೆ ಕೊಟ್ಟೆ.

"ಮಾಮಾ, ಅರ್ಜಿಗೆ ಅಡಕ ಇರಲಿಲ್ಲಲ್ಲ? ನಾನೇ ಬರೆದಿದ್ದು. ಯಾವ ಅಡಕ?"

ಅವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ಓದಿದರು.

"ಗುಳಿಗಿ" ಎಂದರು. "ಎರಡು ಪಟ್ಟಿ. ನಡುವ ರಟ್ಟಿಟ್ಟು ಕಳಿಸಿದ್ದೆ."

"ಅವಳ ಕೈಗೇ ಸಿಗ್ತದಂತ ಹೆಂಗ ಗೊತ್ತಿತ್ತು?"

"ಪೋಸ್ಟ್‌ಮ್ಯಾನ್ ಅಂದಿದ್ದ. ಒಳಗ ಟಪಾಲಿನ ಮೇಜಿಗೆ ಹೊಸ ಮೇಡಂ ಬಂದಾರ, ಕನ್ನಡಕದಾಕಿ. ಕವರ್ ಹಿಂದ ಮುಂದ ನೋಡಿ, ತೆರೆದು, ಒಳಗಿಂದು ಎಣಿಸಿ ಆಮ್ಯಾಲೆ ಸಹಿ ಹಾಕ್ತಾರ ಅಂತ." ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಹಂಗ ಸಹಿ ಹಾಕೋರು ಬೆಂಗಳೂರಾಗ ಇನ್ಯಾರದಾರ?"

ಕಾರ್ಡಿನ ಒಂದು ತುದಿಯನ್ನು ನಾನು ಹಿಡಿದುಕೊಂಡೆ. ಅರ್ಜಿಯೊಳಗೆ ಅಳಬಾರದು ಎಂದಿದ್ದ ಮನುಷ್ಯ ಸ್ವೀಕೃತಿಯ ಬಗ್ಗೆ ಏನೂ ಹೇಳಿರಲಿಲ್ಲವಷ್ಟೆ. ಕಾರ್ಡು ಸ್ವಲ್ಪ ತೊಯ್ದಿತು.

ಆಮೇಲೆ ಮಾವ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡರು.

"ನೆನಪೋಲೆ ಬರಿಯವ್ವಾ. ಎದುರುದಾರರಿಗೆ ಒಂದು ಪ್ರತಿ. ಈ ಸಲ ಅಡಕ ಎರಡು." ಡಬ್ಬಿಯ ಮುಚ್ಚಳ ತೆರೆದು ಒಳಗೆ ನೋಡಿದರು. "ಎಣ್ಣಿ ಸೋರದಂಗ ಹೆಂಗ ಕಟ್ಟಬೇಕು, ಅದನ್ನ ವಿಚಾರ ಮಾಡು."

ಶಾಸಕರು ಹೋಗುವ ದಿನ ಇನ್ನೂ ನಿಗದಿಯಾಗಿಲ್ಲ. ನನ್ನ ಭಯವೂ ಹೋಗಿಲ್ಲ. ಇದನ್ನು ಬರೆಯುವಾಗಲೂ ಎರಡು ಸಲ ಎದ್ದು ಚಿಲಕ ನೋಡಿ ಬಂದಿದ್ದೇನೆ. ಆದರೂ ಇದರ ಒಂದು ಪ್ರತಿಯನ್ನು ಎದುರುದಾರರಿಗೂ ಕಳಿಸುತ್ತಿದ್ದೇನೆ.

ಆದ್ದರಿಂದ ಮಾನ್ಯರು ಈ ಬರಹದಲ್ಲಿ ಕಂಡ ತಪ್ಪುಗಳನ್ನು ದಯವಿಟ್ಟು ತಿದ್ದಿಕೊಂಡು ಓದಬೇಕೆಂದು ವಿನಂತಿ. ಎಲ್ಲವನ್ನೂ ತಿದ್ದಬೇಡಿ. ಕೆಂಪು ಪೆನ್ನು ಹಿಡಿಯುವವಳಿಗೂ ಒಂದಷ್ಟು ಉಳಿದಿರಲಿ.

ತಮ್ಮ ವಿಧೇಯಳು.

ಅಡಕ: ಇಲ್ಲ.