ಮೂವತ್ತರ ಮೇಷ್ಟ್ರಿಗೆ ಬಂದ ದಂಡ

ಕಾರು ಕಲಿಸುವ ಮೇಷ್ಟ್ರಿಗೆ ಊರಿಟ್ಟ ಹೆಸರು ಮೂವತ್ತರ ಮೇಷ್ಟ್ರು. ವಯಸ್ಸಿಗಲ್ಲ, ವೇಗಕ್ಕೆ. ಸ್ಪೀಡಾಮೀಟರಿನ ಮುಳ್ಳು ಮೂವತ್ತು ದಾಟಿದರೆ ಅವರಿಗೆ ಬಿಕ್ಕಳಿಕೆ ಬರುತ್ತಿತ್ತು. "ಇಪ್ಪತ್ತೆಂಟು ವರ್ಷ, ಒಂದೂ ದಂಡವಿಲ್ಲ" ಎಂದು ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದರು. ಆ ಬೋರ್ಡಿನ ಕೆಳಗೇ ನಿಂತು ಬೆಳಗಿನ ಟಪಾಲು ಒಡೆದರೆ, ಒಳಗೆ ಪರದೇಶದ ಪೊಲೀಸರ ದಂಡದ ಚೀಟಿ. ಮೂರು ತಿಂಗಳ ಹಿಂದೆ ಹೆಂಡತಿಯೊಡನೆ ಪರದೇಶ ಸುತ್ತುವಾಗ ಅವರ ಹೆಸರಲ್ಲಿ ಬಾಡಿಗೆಗೆ ಪಡೆದ ಕಾರು, ಅರವತ್ತರ ಮಿತಿಯ ರಸ್ತೆಯಲ್ಲಿ ತೊಂಬತ್ತೆರಡರಲ್ಲಿ ಓಡಿತ್ತಂತೆ.

ಪಕ್ಕದ ಕ್ಷೌರಿಕ ಕೈಯಲ್ಲಿದ್ದ ಗಿರಾಕಿಯನ್ನು ಬಿಟ್ಟು ಓಡಿಬಂದು, ಲೈಸೆನ್ಸು ಹೋಯಿತೆಂದೇ ತಿಳಿಯಿರಿ ಎಂದ. ಅರ್ಧ ಗಡ್ಡದ ಗಿರಾಕಿಯೂ ಹಿಂದೆಯೇ ಬಂದು, ಇನ್ಶೂರೆನ್ಸಿನವರ ಕಂಪ್ಯೂಟರು ಸಮುದ್ರದಾಚೆಯದನ್ನೂ ಮೂಸುತ್ತದೆ ಎಂದ. ಕಲಿಯಲು ಬಂದ ಇಬ್ಬರು ಹುಡುಗಿಯರು ಮಾತ್ರ ಮೊದಲ ಬಾರಿಗೆ ಮೇಷ್ಟ್ರನ್ನು ಗೌರವದಿಂದ ನೋಡಿದರು.

ಇನ್ಶೂರೆನ್ಸ್ ನವೀಕರಣಕ್ಕೆ ಅಂದೇ ಕೊನೆಯ ದಿನ. ಕರೆಯದಿದ್ದರೂ ಹೆಂಡತಿ ಬಂದು ಕಲಿಸುವ ಕಾರಿನಲ್ಲಿ ಪಕ್ಕಕ್ಕೆ ಕುಳಿತಳು. ಆಕೆ ಮೇಷ್ಟ್ರ ಮೊದಲ ಶಿಷ್ಯೆ. ಕಾರು ಕುಲುಕದೆ ಹೊರಟ ದಿನ ಆಕೆ ನಕ್ಕ ನಗೆಗೆ ಮೇಷ್ಟ್ರು, ಕಲಿಸುವವರಿಗೆಂದೇ ಇರುವ ತಮ್ಮ ಕಡೆಯ ಬ್ರೇಕು ಮರೆತು, ಇಬ್ಬರೂ ಕಾರಿನ ಸಮೇತ ಬೇಲಿ ಹೊಕ್ಕಿದ್ದರು. ನಿನಗೆ ಮೂರನೇ ಗೇರು ಸಾಕು ಎಂದು ಅವತ್ತು ಹೇಳಿದ್ದನ್ನು, ಮೇಷ್ಟ್ರು ಕಂಡಂತೆ, ಆಕೆ ಈವರೆಗೂ ಮೀರಿರಲಿಲ್ಲ.

ಇನ್ಶೂರೆನ್ಸ್ ಗುಮಾಸ್ತೆ ಸಮಾಧಾನದ ಹೆಂಗಸು.

"ಅಲ್ಲಿಯ ದಂಡ ಇಲ್ಲಿಯ ದಾಖಲೆಗೆ ಬರಲೇಬೇಕು ಅಂತೇನಿಲ್ಲ ಮೇಷ್ಟ್ರೇ. ಎರಡೂ ದೇಶಕ್ಕೆ ಒಪ್ಪಂದ ಇದ್ರೆ ಬರುತ್ತೆ. ಆದ್ರೆ ಫಾರಮ್ಮಲ್ಲಿ ಕೇಳಿದಾರಲ್ಲ, ಎಲ್ಲಾದ್ರೂ ವೇಗಕ್ಕೆ ದಂಡ ಬಿದ್ದಿದೆಯಾ ಅಂತ. ಅಲ್ಲಿ ನಿಜಾನೇ ಬರೀಬೇಕು."

ಹೆಂಡತಿ ತೋಳು ಜಗ್ಗಿದಳು. "ರೀ, ಒಂದ್ನಿಮಿಷ."

"ಸುಮ್ನಿರೇ. ಕಾರು ನನ್ನ ಹೆಸರಲ್ಲಿತ್ತು, ನಂಗೇ ಗೊತ್ತಿಲ್ದೆ ಮುಳ್ಳು ಏರಿರ್ಬೇಕು. ತಪ್ಪು ಮಾಡಿದ್ಮೇಲೆ ಒಪ್ಕೋಬೇಕು."

'ಹೌದು, ನಾನೇ' ಎಂದು ದುಂಡಗೆ ಬರೆದರು. ಮುದ್ರೆ ಬಿತ್ತು. ದಂಡವಿಲ್ಲದ್ದಕ್ಕೆ ಹತ್ತು ವರ್ಷದಿಂದ ಸಿಗುತ್ತಿದ್ದ ಪ್ರೀಮಿಯಂ ರಿಯಾಯಿತಿ, ಕೆಂಪಕ್ಷರದ ಬೋರ್ಡು ಎರಡೂ ಒಂದೇ ಏಟಿಗೆ ಹೋದವು.

ಫಾರಮ್ಮಿಗೆ ಲಗತ್ತಿಸಲು ಗುಮಾಸ್ತೆ ದಂಡದ ಚೀಟಿಯ ನಂಬರು ಒತ್ತಿ ರಸ್ತೆಯ ಕ್ಯಾಮೆರಾ ತೆಗೆದ ಫೋಟೋ ತೆರೆದಳು. ಆಚೀಚೆ ಮೇಜಿನವರೂ ಕುರ್ಚಿ ಎಳೆದುಕೊಂಡು ಬಂದರು. ಚಿತ್ರದಲ್ಲಿ ಮೇಷ್ಟ್ರು ಬಾಯಿ ತೆರೆದು ನಿದ್ದೆಹೋಗಿದ್ದರು. ಸ್ಟೀರಿಂಗು ಹಿಡಿದವಳು ಹೆಂಡತಿ. ಮುಖದಲ್ಲಿ ಬೇಲಿ ಹೊಕ್ಕ ದಿನದ್ದೇ ನಗು.

"ನಿಮಗೆ ತಲೆನೋವು ಅಂತ ಅರ್ಧ ಗಂಟೆ ಸ್ಟೀರಿಂಗು ತಗೊಂಡೆನಲ್ಲ, ಆಗ," ಎಂದಳು ಆಕೆ ಮೆಲ್ಲಗೆ. "ಐದನೇ ಗೇರು ಹೇಗಿರುತ್ತೆ ನೋಡೋಣ ಅನ್ನಿಸ್ತು."

ಹಾಗಾದರೆ ಫಾರಮ್ಮು ತಿದ್ದಬಹುದಲ್ಲ ಎಂದು ಮೇಷ್ಟ್ರು ಜಿಗಿದರು. ಗುಮಾಸ್ತೆ ಪಾಲಿಸಿ ತಿರುವಿದಳು. ಎರಡನೇ ಡ್ರೈವರಿನ ಜಾಗದಲ್ಲಿ ಹೆಂಡತಿಯ ಹೆಸರೇ ಇತ್ತು. ಯಾರು ಓಡಿಸಿದ್ದರೂ ರಿಯಾಯಿತಿ ಹೋದದ್ದು ಹೋದದ್ದೇ.

ಮೇಷ್ಟ್ರು ಪರದೆಯ ಮೇಲಿನ ಆ ನಗುವಿನ ಹತ್ತಿರಕ್ಕೆ ಬಗ್ಗಿದರು. ಆಮೇಲೆ ಫೋಟೋದ ಪ್ರತಿ ಇನ್ನೊಂದು ಬೇಕೆಂದರು. ಕಲರಿಂದು.

ಹೊರಗೆ ಬಂದು ಕೀಲಿಯನ್ನು ತಾವೇ ಹೆಂಡತಿಯ ಕೈಗಿಟ್ಟರು. ಕಾರು ಕುಲುಕದೆ ಹೊರಟಿತು. ಮುಳ್ಳು ಮೂವತ್ತು ದಾಟಿತು, ಮೇಷ್ಟ್ರಿಗೆ ಬಿಕ್ಕಳಿಕೆ ಬಂತು. ಕಾಲು ತಾನಾಗಿ ತಮ್ಮ ಕಡೆಯ ಬ್ರೇಕನ್ನು ಹುಡುಕಿತು.

ಮೊದಲ ತಿರುವು ಬರುವ ತನಕ ಅವರು ಅದನ್ನು ಒತ್ತಲಿಲ್ಲ.