ನಿಂಬೆಗಾತ್ರದ ಕಲ್ಲಿನ ವಾರ್ಷಿಕ ದೃಢೀಕರಣ

ಖನಿಜ ಇಲಾಖೆಯ ಉಗ್ರಾಣದಲ್ಲಿ ಒಂದು ಅಪರೂಪದ ಕಲ್ಲಿತ್ತೆಂಬುದು ದಾಖಲೆಗಳಿಂದ ನಿರ್ವಿವಾದವಾಗಿ ಸಾಬೀತಾಗಿದೆ. ನೆಲದಾಳದಲ್ಲಿ ಸುಣ್ಣಕಲ್ಲು ಬೆಂದು ರೂಪ ಬದಲಿಸುವಾಗ ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಸಿಲಿಕಾ ಕೂಡಿ ಹುಟ್ಟಿದ ಕಲ್ಲು. ಬಂದಾಗ ನಿಂಬೆಹಣ್ಣಿನಷ್ಟಿತ್ತು.

ಇಂಥದ್ದನ್ನು ಯಾರಾದರೂ ಅದಲುಬದಲು ಮಾಡಿಬಿಟ್ಟರೆ? ಅದಕ್ಕೇ ಹದಿನೇಳನೆಯ ನಿಯಮ: ಪ್ರತಿವರ್ಷ ಸಮಿತಿಯು ಕಲ್ಲಿನಿಂದ ಚೂರು ತೆಗೆದು, ಅರೆದು, ಪರೀಕ್ಷಿಸಿ, ಅಸಲಿಯೆಂದು ಪ್ರಮಾಣಪತ್ರ ನೀಡತಕ್ಕದ್ದು. ಇಪ್ಪತ್ತೊಂಬತ್ತು ವರ್ಷ ಸಮಿತಿ ತಪ್ಪದೆ ಬಂತು. ಇಲಾಖೆಯಲ್ಲಿ ತಪ್ಪದೆ ನಡೆದ ಕೆಲಸ ಅದೊಂದೇ. ಪಾಪ, ಬೈಯೋಕೂ ಮನಸ್ಸು ಬರಲ್ಲ.

ಉಗ್ರಾಣದ ಮೇಲ್ವಿಚಾರಕರು ಶನಿವಾರ ನಿವೃತ್ತರಾಗಬೇಕಿತ್ತು. ಕಲ್ಲು ಒಪ್ಪಿಸದೆ ಬಿಡುಗಡೆ ಪತ್ರವಿಲ್ಲ, ಬಿಡುಗಡೆ ಪತ್ರವಿಲ್ಲದೆ ಪಿಂಚಣಿಯಿಲ್ಲ. ಗುರುವಾರ ಕೊನೆಯ ಪರೀಕ್ಷೆಗೆ ಸಮಿತಿ ಬಂದಾಗ ಡಬ್ಬಿಯ ಹತ್ತಿಯಲ್ಲಿ ಸಾಸಿವೆಯಷ್ಟು ಕಲ್ಲು ಉಳಿದಿತ್ತು. ಮೇಲ್ವಿಚಾರಕರು ಡಬ್ಬಿಗೆ ಕೈ ಅಡ್ಡ ಹಿಡಿದರು.

"ಸಾರ್, ಇರೋದೇ ಇಷ್ಟು. ಇದನ್ನೂ ಅರೆದುಬಿಟ್ರೆ ನಾನೇನು ಒಪ್ಪಿಸ್ಲಿ?"

"ಅರೆಯದೆ ಅಸಲಿ ಅಂತ ಹೇಗ್ರೀ ಬರೆಯೋದು?" ಎಂದರು ಅಧ್ಯಕ್ಷರು. "ನಾಳೆ ಯಾರಾದ್ರೂ ನಕಲಿ ಅಂದ್ರೆ ನಿಮ್ಮ ತಲೆಗೇ ಬರುತ್ತೆ."

ಅರೆದರು. ಕಲ್ಲು ನೂರಕ್ಕೆ ನೂರು ಅಸಲಿಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಮೇಲ್ವಿಚಾರಕರ ಹೆಂಡತಿ ತಲೆ ಚಚ್ಚಿಕೊಂಡಳು. "ಕಳ್ಳ ಬಂದಿದ್ರೂ ಒಂದೇ ಸಲಕ್ಕೆ ಒಯ್ತಿದ್ದ! ಹೋಗ್ಲಿ, ಅಂಗಳದಿಂದ ಒಂದು ಕಲ್ಲು ತಗೊಂಡು ಹೋಗಿ ಇಡಿ."

"ಅದನ್ನೂ ಅರೀತಾರೆ ಕಣೇ."

ಶನಿವಾರ ಅವರ ಜಾಗಕ್ಕೆ ಬಂದ ಹೆಂಗಸು ಡಬ್ಬಿ ತೆರೆದು, "ಕಲ್ಲೆಲ್ಲಿ?" ಎಂದಳು. ಮೇಲ್ವಿಚಾರಕರು ಮೂವತ್ತು ಪ್ರಮಾಣಪತ್ರ ಮುಂದಿಟ್ಟರು. ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು ಪ್ರಕಟಿಸಿದರು: "ಸದರಿ ಕಲ್ಲು ಸಂಪೂರ್ಣ ದೃಢೀಕೃತವಾಗಿದೆ. ಇನ್ನು ಅದನ್ನು ಅದಲುಬದಲು ಮಾಡಲು ಯಾರಪ್ಪನಿಂದಲೂ ಸಾಧ್ಯವಿಲ್ಲವಾದ್ದರಿಂದ ನಿಯಮದ ಉದ್ದೇಶ ಈಡೇರಿದೆ."

"ಸರಿ ಸಾರ್. ಆದ್ರೆ ಈ ಪತ್ರಗಳು ಅಸಲಿ ಅಂತ ಹೇಗೆ ನಂಬೋದು?" ಎಂದಳು ಹೊಸಬಳು.

ಅಧ್ಯಕ್ಷರ ಮುಖ ಅರಳಿತು. ಇಲಾಖೆಗೆ ಇಂಥವರೇ ಬೇಕು ಎಂದು ಹೊಗಳಿ ಅಲ್ಲೇ ಹದಿನೆಂಟನೆಯ ನಿಯಮ ಬರೆಸಿದರು: ಇಲಾಖೆಯ ಪ್ರತಿ ಪತ್ರದಿಂದಲೂ ವರ್ಷಕ್ಕೊಮ್ಮೆ ಒಂದು ಚೂರು ಕತ್ತರಿಸಿ ಪರೀಕ್ಷಿಸತಕ್ಕದ್ದು. ಕತ್ತರಿ ಬಂತು.

ಮೇಲ್ವಿಚಾರಕರ ಕೈಗೆ ಬಿಡುಗಡೆ ಪತ್ರವೂ ಬಂತು. ಅದಕ್ಕೆ ಒಂದು ಮೂಲೆ ಇರಲಿಲ್ಲ.

"ಪಿಂಚಣಿಗೆ ವರ್ಷಾ ವರ್ಷ ಇದನ್ನ ತಂದು ತೋರಿಸ್ಬೇಕು, ಮರೀಬೇಡಿ," ಎಂದರು ಅಧ್ಯಕ್ಷರು.

ಮೇಲ್ವಿಚಾರಕರು ಹಾಳೆಯನ್ನು ಉದ್ದಕ್ಕೂ ಅಗಲಕ್ಕೂ ಗೇಣಿನಲ್ಲಿ ಅಳೆದು ನೋಡಿದರು. ಮನಸ್ಸು ಹಗುರಾಯಿತು.

"ಪರವಾಗಿಲ್ಲ ಬಿಡಿ ಸಾರ್," ಎಂದರು. "ನನ್ನ ಆಯಸ್ಸಿಗೆ ಸಾಕಾಗುತ್ತೆ."